ಮೂರು ತುಣುಕು, ಒಂದು ಚೀಟಿ

ನಾನು ನಿಂತದ್ದು ಜೋಗೇಶ್ವರಿ ಪೂರ್ವದಲ್ಲಿ, ನೀರಿನ ಟಾಂಕಿಯ ಹಿಂದಿನ ಗಲ್ಲಿಯೊಳಗೆ, ಸಾರ್ವಜನಿಕ ನಲ್ಲಿಯ ಸಿಮೆಂಟ್ ಕಟ್ಟೆಗೆ ಬೆನ್ನು ಕೊಟ್ಟು. ಬುಧವಾರ. ಮಧ್ಯಾಹ್ನ ಹನ್ನೆರಡು ದಾಟಿ ಹತ್ತು ನಿಮಿಷ. ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ; ತಾರೀಖನ್ನು ಪೊಲೀಸರಿಗೂ ಕೋರ್ಟಿಗೂ ಹೇಳಿದ್ದೇನೆ, ಇಲ್ಲಿ ಬೇಕಿಲ್ಲ. ನನ್ನಿಂದ ಬಲಕ್ಕೆ ನಾಲ್ಕು ಹೆಜ್ಜೆ ದೂರದಲ್ಲಿ ಗಾರೆ ಕೆಲಸದ ಒಬ್ಬ ಗೌಂಡಿ ಮುಖ ತೊಳೆಯಲು ಬಗ್ಗಿದ್ದರು. ಅವರನ್ನು ಕೊಲ್ಲಲು ಇಬ್ಬರು ಬಂದರು. ಆ ಇಬ್ಬರಿಗೆ ಅವರ ಮುಖ, ಅವರ ಗಲ್ಲಿ ಎರಡೂ ಸಿಕ್ಕಿದ್ದು ನನ್ನಿಂದ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಕೊನೆಗೆ ಇಟ್ಟುಕೊಂಡು ಹೇಳಿದಾಗಲೆಲ್ಲ ಕೇಳಿದವರು ನನ್ನನ್ನು ಸಮಾಧಾನ ಮಾಡಲು ಹೊರಟಿದ್ದಾರೆ.

ಆಗ ನಾನು ವಿಲೆ ಪಾರ್ಲೆಯ ಒಂದು ಕನ್ನಡ ವಾಚನಾಲಯದಲ್ಲಿ ಕೆಲಸಕ್ಕಿದ್ದೆ. ಮೊದಲ ಮಹಡಿಯಲ್ಲಿ ಎರಡು ಕೋಣೆ. ಮುಂದಿನದರಲ್ಲಿ ಓದುವವರು, ಹಿಂದಿನದರಲ್ಲಿ ನಾನು, ಕತ್ತರಿ, ಮೈದಾ ಗೋಂದಿನ ಡಬ್ಬ ಮತ್ತು ಇಪ್ಪತ್ತನಾಲ್ಕು ಡ್ರಾಯರುಗಳ ಒಂದು ಉಕ್ಕಿನ ಕಪಾಟು. ಮುಂಬಯಿಯಲ್ಲಿರುವ ನಮ್ಮವರ ಬಗ್ಗೆ ಕನ್ನಡ ಪತ್ರಿಕೆಗಳಲ್ಲಿ ಬಂದದ್ದನ್ನೆಲ್ಲ ಕತ್ತರಿಸಿ, ಕಂದು ಹಾಳೆಗೆ ಅಂಟಿಸಿ, ನಂಬರು ಹಾಕಿ ಇಡುವುದು ನನ್ನ ಕೆಲಸ.

ನಾನು ಬರುವ ಮೊದಲು ಈ ಹಾಳೆಗಳನ್ನು ತಿಂಗಳ ಪ್ರಕಾರ ಕಟ್ಟಿ ಇಡುತ್ತಿದ್ದರು. ಯಾರಾದರೂ ಬಂದು "ಕಾಂದಿವಲಿಯಲ್ಲಿ ಗೋಡೆ ಕುಸಿದು ನಮ್ಮೂರಿನವರು ಸತ್ತರಲ್ಲ, ಅದು ಬೇಕು" ಎಂದರೆ ಯಾವ ತಿಂಗಳು ಎಂದು ಕೇಳಬೇಕು. ಅವರಿಗೆ ತಿಂಗಳು ನೆನಪಿರುವುದಿಲ್ಲ, ಗೋಡೆ ನೆನಪಿರುತ್ತದೆ. ಪತ್ರಿಕೆ ಅದಕ್ಕೆ 'ಭೀಕರ ಅವಘಡ' ಎಂದು ತಲೆಬರಹ ಕೊಟ್ಟಿರುತ್ತದೆ. ಹಾಗಾಗಿ ನಾನು ಒಂದೊಂದು ತುಣುಕಿಗೂ ನಾಲ್ಕೈದು ಸಣ್ಣ ಚೀಟಿ ಬರೆಯತೊಡಗಿದೆ. ಒಂದು ಚೀಟಿಗೆ ಒಂದು ಪದ, ಅದರ ಕೆಳಗೆ ಹಾಳೆಯ ನಂಬರು. 'ಗೋಡೆ', 'ಕಾಂದಿವಲಿ', 'ಕಟ್ಟಡ ಕೂಲಿ', 'ಕಂತ್ರಾಟುದಾರ'. ಅದೇ ಪದದ ಮತ್ತೊಂದು ತುಣುಕು ಬಂದರೆ ಅದೇ ಚೀಟಿಯಲ್ಲಿ ಇನ್ನೊಂದು ನಂಬರು. ಚೀಟಿಗಳು ಅಕಾರಾದಿಯಾಗಿ ಡ್ರಾಯರಿಗೆ. ಹುಡುಕಿ ಬರುವವನು ಯಾವ ಮಾತು ಹಿಡಿದು ಬರುತ್ತಾನೋ ಆ ಮಾತಿಗೆ ಚೀಟಿ ಇರಬೇಕು. ಇದೊಂದೇ ನನ್ನ ನಿಯಮ. ಮೂರು ವರ್ಷದಲ್ಲಿ ಯಾವ ಸುದ್ದಿಯನ್ನಾದರೂ ಎರಡು ನಿಮಿಷದಲ್ಲಿ ತೆಗೆದುಕೊಡುವಷ್ಟು ಕೈ ಪಳಗಿತ್ತು.

ಆ ಡ್ರಾಯರುಗಳಲ್ಲಿ ಬಹುಪಾಲು ಹಿಂಸೆಯೇ ಇತ್ತು. ಒಳ್ಳೆಯದು ಸುದ್ದಿಯಾಗುವುದು ಕಡಿಮೆ. 'ಆಸಿಡ್', 'ಗ್ಯಾಂಗು', 'ಚಾಪರ್', 'ಲಾಕೌಟು'. ಮಚ್ಚಿಗೆ ಮುಂಬಯಿಯಲ್ಲಿ ಹೇಳುವ ಚಾಪರ್ ಎಂಬ ಪದಕ್ಕೆ ಒಂದು ಚೀಟಿ ಸಾಲದೆ ಹನ್ನೊಂದು ಚೀಟಿಗಳನ್ನು ದಾರದಲ್ಲಿ ಪೋಣಿಸಿದ್ದೆ. ಬೆಳಿಗ್ಗೆ ಹತ್ತಕ್ಕೆ ಕೂತು ಒಂದು ತಲೆ ಒಡೆದದ್ದು, ಒಂದು ಹೊಟ್ಟೆ ಸೀಳಿದ್ದು ಕತ್ತರಿಸಿ, ಕೈ ತೊಳೆದು ಊಟಕ್ಕೆ ಕೂರುತ್ತಿದ್ದೆ. ಗೋಂದು ಹೋಗಲು ತೊಳೆಯುತ್ತಿದ್ದೆ, ಬೇರೆ ಯಾವುದಕ್ಕೂ ಅಲ್ಲ.

ಕಾಂದಿವಲಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಎರಡು ಯೂನಿಯನ್‌ಗಳ ನಡುವೆ ಜಗಳವಿತ್ತು. ಒಂದು ಸೋಮವಾರ ಬೆಳಗಿನ ಪಾಳಿಯ ಹೊತ್ತಿಗೆ ಒಂದು ಯೂನಿಯನ್ನಿನ ಮುಂದಾಳನ್ನು ಗೇಟಿನ ಎದುರೇ ಇರಿದು ಕೊಂದರು. ಗೇಟಿನಲ್ಲಿದ್ದ ನೂರಾರು ಮಂದಿಯಲ್ಲಿ ಯಾರೂ ಏನನ್ನೂ ನೋಡಿರಲಿಲ್ಲ. ನೋಡಿದವರು ಒಬ್ಬರೇ, ಪಕ್ಕದಲ್ಲಿ ಏಳುತ್ತಿದ್ದ ಕಟ್ಟಡದ ಬಿದಿರಿನ ಸಾರವೆಯ ಮೇಲಿದ್ದ ಗೌಂಡಿ. ಇರಿದವನನ್ನು ಗುರುತಿಸುತ್ತೇನೆ ಎಂದು ಅವರು ಪೊಲೀಸರಿಗೆ ಹೇಳಿಕೆ ಕೊಟ್ಟರು.

ಮರಾಠಿ, ಇಂಗ್ಲಿಷ್ ಪತ್ರಿಕೆಗಳು 'ಒಬ್ಬ ಕೂಲಿಕಾರ' ಎಂದು ಬರೆದು ಬಿಟ್ಟವು. ನಮ್ಮ ಪತ್ರಿಕೆಗಳಿಗೆ ಅಷ್ಟು ಸಾಲಲಿಲ್ಲ. ನಮ್ಮವನೊಬ್ಬ ಧೈರ್ಯ ತೋರಿಸಿದ್ದಾನೆ ಎಂಬ ಅಭಿಮಾನ. ಒಂದು ವಾರಪತ್ರಿಕೆ 'ಸಾರವೆಯ ಮೇಲಿಂದ ಕೊಲೆ ಕಂಡವನು ಗದಗ ಕಡೆಯ ಗೌಂಡಿ' ಎಂದು ಬರೆಯಿತು. ಹೆಸರಿಲ್ಲ, ವಿಳಾಸವಿಲ್ಲ. ಇದು ಮೊದಲ ತುಣುಕು. ಎರಡು ವಾರ ಬಿಟ್ಟು ಅದೇ ಪತ್ರಿಕೆಗೆ ಒಬ್ಬ ಓದುಗರು ಪತ್ರ ಬರೆದರು: ಆ ಧೈರ್ಯವಂತ ನಮ್ಮ ಭಜನಾ ಮೇಳದ ಪೇಟಿ ಬಾರಿಸುವವರು, ನಮಗೆ ಹೆಮ್ಮೆ. ಇದು ಎರಡನೆಯದು. ಮೂರನೆಯದು ಕೊಲೆಗಿಂತ ಒಂದು ವರ್ಷ ಹಿಂದಿನದು: ಜೋಗೇಶ್ವರಿ ಟಾಂಕಿಯ ಹಿಂದಿನ ವಸತಿಯ ಭಜನಾ ಮೇಳದ ಫೋಟೊ, ಏಳು ಜನ, ನಡುವೆ ಪೇಟಿ, ಅಂದರೆ ಹಾರ್ಮೋನಿಯಂ, ಹಿಡಿದು ಕೂತ ಒಬ್ಬರು. ಕೆಳಗೆ ಮೇಳದ ಹೆಸರು. ಓದುಗರ ಪತ್ರದ ಸಹಿಯ ಕೆಳಗೂ ಅದೇ ಮೇಳದ ಹೆಸರಿತ್ತು.

ಆ ಮೂರೂ ಬೇರೆ ಬೇರೆ ಕಟ್ಟುಗಳಲ್ಲಿದ್ದವು. ಯಾವುದೊಂದನ್ನು ಓದಿದರೂ ಆ ಮನುಷ್ಯ ಸಿಗುತ್ತಿರಲಿಲ್ಲ. ಓದುಗರ ಪತ್ರಕ್ಕೆ ಚೀಟಿ ಬರೆಯುವಾಗ ನನಗೆ ಫೋಟೊ ನೆನಪಾಯಿತು. ಎದ್ದು ಹೋಗಿ ಹುಡುಕಿ ತಂದೆ. ಮೂರನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ನೋಡಿದಾಗ ಆದ ಸಂತೋಷ ಈಗಲೂ ನೆನಪಿದೆ. ಹೊಸ ಚೀಟಿ ತೆಗೆದು 'ಪ್ರತ್ಯಕ್ಷದರ್ಶಿ — ಕಾಂದಿವಲಿ ಗೇಟಿನ ಕೊಲೆ' ಎಂದು ಬರೆದು, ಕೆಳಗೆ ಮೂರು ನಂಬರು ಹಾಕಿದೆ. ಸಂಜೆ ಮನೆಯಲ್ಲಿ ಹೆಂಡತಿಗೂ ಹೇಳಿದೆ.

ಮಂಗಳವಾರ ಹನ್ನೊಂದರ ಸುಮಾರಿಗೆ ಒಬ್ಬ ಬಂದ. ಮೂವತ್ತರ ಒಳಗಿನವನು. ಇಸ್ತ್ರಿ ಮಾಡಿದ ಅಂಗಿ, ಬಿಳಿ ಬೂಟು. ಬಾಗಿಲಲ್ಲೇ ನಿಂತು ಒಳಗೆ ಬರಬಹುದೇ ಎಂದು ಕೇಳಿದ.

"ಅಂಕಲ್, ಇಲ್ಲಿ ಪೇಪರ್ ಕಟಿಂಗ್ ಮಿಲ್ತದೆ ಅಂತ ಹೇಳಿದ್ರು. ನಮ್ಮ ಭಾಯಿ ಯೂನಿಯನ್ ಮೇಲೆ ಬುಕ್ ಬರೀತಿದ್ದಾನೆ."

"ಯಾವ ವಿಷಯ ಬೇಕಿತ್ತು?"

"ವೊ ಕಾಂದಿವಲಿ ಗೇಟ್ ವಾಲಾ ಕೇಸ್. ಯಾರು ನೋಡಿದ್ದು, ಏನು ನೋಡಿದ್ದು, ಅದು."

ಕೇಳುವವರು ತಮ್ಮ ಕೈಯಿಂದಲೇ ಬೇಡಿಕೆ ಚೀಟಿ ಬರೆಯಬೇಕು: ಹೆಸರು, ವಿಷಯ, ನಂಬರುಗಳು, ಸಹಿ. ಅವನು ಹಿಂದಿಯಲ್ಲಿ ಬರೆದ. ನಾನು ಡ್ರಾಯರು ಎಳೆದು, ಚೀಟಿ ನೋಡಿ, ಮೂರು ಹಾಳೆಗಳನ್ನು ತಂದು ಅವನ ಮುಂದಿಟ್ಟೆ. ಎರಡು ನಿಮಿಷವೂ ಆಗಿರಲಿಲ್ಲ.

"ಕ್ಯಾ ಬಾತ್ ಹೈ ಅಂಕಲ್," ಎಂದ. ಆಮೇಲೆ ಹಾಳೆಗಳನ್ನು ನನ್ನ ಕಡೆಗೆ ತಿರುಗಿಸಿದ. "ನಾನು ಇಲ್ಲೇ ಹುಟ್ಟಿದ್ದು. ಮಾತು ಬರ್ತದೆ, ಓದಕ್ಕೆ ಬರಲ್ಲ. ಥೋಡಾ ಓದಿ ಹೇಳ್ತೀರಾ?"

ಓದಿ ಹೇಳಿದೆ. ಅವನಿಗೆ ತಿಳಿಯದ ಕಡೆ ಹಿಂದಿಯಲ್ಲಿ ಬಿಡಿಸಿದೆ. ಫೋಟೊ ಬಂದಾಗ "ಇದ್ರಲ್ಲಿ ಕೌನ್ಸಾ?" ಎಂದು ಕೇಳಿದ. ನಾನು ಹಾರ್ಮೋನಿಯಂ ಹಿಡಿದವರ ಮೇಲೆ ಬೆರಳಿಟ್ಟೆ. ಕನ್ನಡ ಓದಲು ಬಾರದ ಹುಡುಗರು ನಮ್ಮಲ್ಲಿಗೆ ಬರುವುದೇ ಅಪರೂಪ, ಬಂದವನಿಗೆ ಸಹಾಯ ಮಾಡಿದೆ ಎಂದುಕೊಂಡೆ. ಅವನು ಇನ್ನೂ ಕಾಲು ಗಂಟೆ ಮುಂದಿನ ಕೋಣೆಯಲ್ಲಿ ಹಾಳೆಗಳೊಂದಿಗೆ ಕೂತಿದ್ದು, ಅವನ್ನು ಮಡಚಿ ವಾಪಸು ಹಾಕುವ ಬುಟ್ಟಿಗೆ ಹಾಕಿ, ನಮಸ್ಕಾರ ಹೇಳಿ ಹೋದ.

ಬುಟ್ಟಿಗೆ ಬಂದ ಹಾಳೆಗಳನ್ನು ಮರುದಿನ ಬೆಳಿಗ್ಗೆ ಅವುಗಳ ಜಾಗಕ್ಕೆ ಸೇರಿಸುವುದು ರೂಢಿ. ಬುಧವಾರ ಹತ್ತೂಕಾಲಿಗೆ ನಾನು ಫೋಟೊದ ಹಾಳೆ ಬಿಡಿಸಿದೆ. ಏಳು ಜನರಲ್ಲಿ ಆರು ಜನಕ್ಕೆ ತಲೆ ಇತ್ತು. ನಡುವಿನವರ ಕುತ್ತಿಗೆಯ ಮೇಲೆ ಬ್ಲೇಡಿನಿಂದ ಕೊರೆದ ಒಂದು ಚೌಕ. ಹಾರ್ಮೋನಿಯಂ ಹಾಗೇ ಇತ್ತು, ಅದರ ಮೇಲಿನ ಕೈಗಳೂ ಇದ್ದವು. ಚೌಕದೊಳಗಿಂದ ನನ್ನ ಮೇಜಿನ ಹಸಿರು ರೆಕ್ಸಿನ್ ಕಾಣುತ್ತಿತ್ತು.

ಕಾಂದಿವಲಿ ಠಾಣೆಗೆ ಫೋನ್ ಮಾಡಿದೆ. ಮೂರನೇ ಸಲ ಲೈನು ಸಿಕ್ಕಿತು. ಎತ್ತಿಕೊಂಡವರು ಎಲ್ಲ ಕೇಳಿಸಿಕೊಂಡು, ಪೇಪರಿನ ಫೋಟೊ ಹರಿದದ್ದಕ್ಕೆ ಫೋನಿನಲ್ಲಿ ದೂರು ಬರೆದುಕೊಳ್ಳುವುದಿಲ್ಲ, ಬಂದು ಕೊಡಿ ಎಂದರು. ಬಾಗಿಲಿಗೆ ಬೀಗ ಹಾಕಿ ಸ್ಟೇಷನ್ನಿಗೆ ನಡೆದೆ. ಅಂಧೇರಿಯ ಆಚೆ ಲೋಕಲ್ ಸಿಗ್ನಲ್ಲಿಗಾಗಿ ನಿಂತಿತು. ಬಾಗಿಲಲ್ಲಿ ನೇತಾಡುತ್ತಿದ್ದವರು ಹರಟುತ್ತಿದ್ದರು. ನನ್ನ ಜೇಬಿನಲ್ಲಿ ಆ ಬೇಡಿಕೆ ಚೀಟಿ ಇತ್ತು. ಯಾಕೆ ತಂದೆನೋ ಗೊತ್ತಿಲ್ಲ.

ನನ್ನಲ್ಲೂ ಅವರ ಹೆಸರಿರಲಿಲ್ಲ. ಜೋಗೇಶ್ವರಿಯಲ್ಲಿ ಇಳಿದು ಟಾಂಕಿ ಎಲ್ಲಿ ಎಂದು ಕೇಳಿದೆ. ಟಾಂಕಿಯ ಬಳಿ ಒಬ್ಬ ಹೆಂಗಸನ್ನು, ಭಜನೆಯ ಪೇಟಿ ಬಾರಿಸುವವರು ಎಲ್ಲಿ ಎಂದು ಕೇಳಿದೆ. "ನಳದ ಕಡೀಗ್ ಹೋಗ್ರಿ, ಎಡಕ್ ಮೂರನೇ ಮನಿ," ಎಂದಳು. ಸ್ಟೇಷನ್ನಿನಿಂದ ಹತ್ತು ನಿಮಿಷ, ಎರಡು ಪ್ರಶ್ನೆ. ನನ್ನ ಚೀಟಿಗಳು ಸರಿಯಾಗಿಯೇ ಕೆಲಸ ಮಾಡುತ್ತಿದ್ದವು.

ಅವರು ಆ ದಿನ ಕೆಲಸಕ್ಕೆ ಹೋಗಿರಲಿಲ್ಲ. ಮನೆಯ ಹಿಂಗೋಡೆಗೆ ಸಿಮೆಂಟ್ ಗಿಲಾವು ಬಳಿದು ಮುಗಿಸಿ, ಮೈಯೆಲ್ಲ ಸಿಮೆಂಟಾಗಿ ನಲ್ಲಿಯ ಹತ್ತಿರ ಬಂದಿದ್ದರು. ನಾನು ಯಾರು, ಯಾಕೆ ಬಂದೆ ಎಂದು ಒಂದೇ ಉಸಿರಿಗೆ ಹೇಳಿದೆ. ಅವರು ಕೈ ಒರೆಸಿಕೊಳ್ಳುತ್ತ ಕೇಳಿದರು.

"ನನ್ ತೆಲಿ ಅಷ್ಟs ಕೊರಕೊಂಡ್ ಹೋದ್ನೇನ್ರಿ? ಪೇಟಿ ಬಿಟ್ಟಾನಲ್ಲ, ಶಾಣ್ಯಾ." ಬಾಗಿಲಲ್ಲಿ ಸ್ಟೋವಿನ ಮುಂದೆ ಕೂತಿದ್ದ ಹೆಂಡತಿಯ ಕಡೆ ತಿರುಗಿದರು. "ಕೇಳಿದೇನs? ನನ್ ಫೋಟೊ ಯಾರಿಗೂ ಬ್ಯಾಡ ಅಂತಿದ್ದಿ."

"ನಗೂ ಮಾತಲ್ಲ," ಎಂದೆ. "ನೀವು ಈಗಲೇ ಇಲ್ಲಿಂದ ಹೊರಡಬೇಕು. ನನ್ನ ಜೊತೆ ಬನ್ನಿ, ಠಾಣೆಗೆ ಹೋಗೋಣ."

"ಬರ್ತೀನ್ರಿ ಸರ. ಹಿಂಗs ಸಿಮೆಂಟ್ ಬಡಕೊಂಡ್ ಹ್ಯಾಂಗ್ ಬರ್ಲಿ? ಮಾರಿ ತೊಳಕೊಂಡ್ ಅಂಗಿ ಹಾಕ್ಕೋತೀನಿ. ಚಾ ಕುಡೀರಿ ಅಷ್ಟೊತ್ತಿಗೆ."

ನಾನು ಬೇಡವೆನ್ನಲಿಲ್ಲ. ಕಟ್ಟೆಗೆ ಬೆನ್ನು ಕೊಟ್ಟು ನಿಂತೆ. ಅವರು ನಲ್ಲಿಗೆ ಬಗ್ಗಿದರು. ಪಕ್ಕದಲ್ಲಿ ಒಬ್ಬ ಮುದುಕಿ ಕೊಡ ತುಂಬಿಸುತ್ತಿದ್ದಳು. ಎದುರಿನ ಮನೆಯ ಹೊಸ್ತಿಲಲ್ಲಿ ಒಬ್ಬ ದರ್ಜಿ ಹೊಲಿಗೆ ಯಂತ್ರ ತುಳಿಯುತ್ತಿದ್ದ.

ಇಬ್ಬರು ಗಲ್ಲಿಯ ಬಾಯಿಯಿಂದ ನಡೆದು ಬಂದರು, ಓಡಿ ಬರಲಿಲ್ಲ. ಅವರ ಹಿಂದೆ, ಗಲ್ಲಿಯ ಬಾಯಲ್ಲೇ, ಬಿಳಿ ಬೂಟಿನವನು ನಿಂತಿದ್ದ. ಅವನು ಅಂಗೈಯನ್ನು ನೋಡಿ, ತಲೆಯೆತ್ತಿ ನಲ್ಲಿಯ ಕಡೆ ನೋಡಿ, ಗದ್ದದಿಂದ ಸನ್ನೆ ಮಾಡಿದ. ಅಂಗೈಯಲ್ಲಿ ಏನಿತ್ತೆಂದು ನಾನು ಕಂಡೆ ಎಂದು ಹೇಳಲಾರೆ. ಕೋರ್ಟಿನಲ್ಲೂ ಹೇಳಲಿಲ್ಲ.

ಮುಂದಿನವನು ಬೆನ್ನ ಹಿಂದಿನಿಂದ ಚಾಪರ್ ತೆಗೆದ. ಮೊದಲ ಏಟು ಬಗ್ಗಿದ್ದವರ ಎಡ ಭುಜಕ್ಕೆ. ಹಸಿ ಸೌದೆಗೆ ಕೊಡಲಿ ಕಚ್ಚಿಕೊಂಡಂಥ ಶಬ್ದ. ಅವರು ಕೂಗಲಿಲ್ಲ, ಏಳಲು ನೋಡಿದರು. ಎರಡನೇ ಏಟು ತಲೆಗೆ ಬರುತ್ತಿತ್ತು. ಬಲಗೈ ಅಡ್ಡ ಹಿಡಿದರು. ಅದು ಅಂಗೈಯ ಅಡ್ಡಕ್ಕೆ ಇಳಿಯಿತು. ಎರಡು ಬೆರಳು ಚರ್ಮದಲ್ಲಿ ನೇತಾಡಿದವು. ಎರಡನೆಯವನು ಪಕ್ಕದಿಂದ ಬಂದು ತೊಡೆಗೆ ಹೊಡೆದ. ಅದು ಮೂರನೆಯದು. ನಲ್ಲಿ ಇನ್ನೂ ಸುರಿಯುತ್ತಿತ್ತು. ಕಟ್ಟೆಯ ಸಿಮೆಂಟ್ ನೀರು ಕೆಂಪಾಗಿ ನನ್ನ ಚಪ್ಪಲಿಯ ಕೆಳಗೆ ಹರಿಯಿತು. ನಾಲ್ಕನೆಯದಕ್ಕೆ ಕೈ ಎತ್ತಿದವನ ಕುತ್ತಿಗೆಯ ಮೇಲೆ ಗೌಂಡಿಯವರ ಹೆಂಡತಿ ಕುದಿಯುವ ಚಹಾವನ್ನೇ ಎರಚಿದಳು. ಅವನು ಪ್ರಾಣಿಯಂತೆ ಅರಚಿದ. ಮುದುಕಿ ತುಂಬಿದ ಕೊಡವನ್ನು ಇನ್ನೊಬ್ಬನ ಮೊಣಕಾಲಿಗೆ ಬೀಸಿದಳು. ದರ್ಜಿ ಕತ್ತರಿ ಹಿಡಿದು ಹೊಸ್ತಿಲು ದಾಟಿದ. ಇಬ್ಬರೂ ಓಡಿದರು. ಬಿಳಿ ಬೂಟಿನವನು ಅವರಿಗಿಂತ ಮೊದಲೇ ಹೋಗಿದ್ದ.

ನೀವು ಏನು ಮಾಡಿದಿರಿ ಎಂದು ಆಮೇಲೆ ಎದುರು ಪಕ್ಷದ ವಕೀಲರು ಕೇಳಿದರು. ಏನೂ ಮಾಡಲಿಲ್ಲ ಎಂದೆ. ಬೆನ್ನು ಕಟ್ಟೆಗೆ ಅಂಟಿಕೊಂಡಿತ್ತು. ಆ ಇಬ್ಬರು ಓಡಿದ ಮೇಲೆ ನನ್ನ ಅಂಗಿ ಬಿಚ್ಚಿ ಗೌಂಡಿಯವರ ಕೈಗೆ ಸುತ್ತಿದೆ. ರಿಕ್ಷಾದಲ್ಲಿ ಆ ಕೈಯನ್ನು ಎತ್ತಿ ಹಿಡಿದು ಕೂತೆ. ಅಷ್ಟೇ.

ಅವರು ಉಳಿದರು. ಎರಡು ಬೆರಳು ಹೋದವು, ಉಳಿದವು ಮಡಚುವುದಿಲ್ಲ ಎಂದು ಡಾಕ್ಟರು ಹೇಳಿದರು. ಐದನೇ ದಿನ ಆಸ್ಪತ್ರೆಯಲ್ಲಿ ನಾನು ಮಂಚದ ಪಕ್ಕ ನಿಂತಾಗ ಅವರೇ ಮಾತು ಶುರು ಮಾಡಿದರು.

"ಎಡಗೈ ಐತ್ರಿ ಸರ. ಪೇಟಿಗೆ ಗಾಳಿ ನಾ ಹಾಕ್ತೀನಿ, ಮನಿ ನೀವ್ ಒತ್ರಿ."

"ನನಗೆ ಬಾರಿಸಲು ಬರುವುದಿಲ್ಲ," ಎಂದೆ.

"ಕಲೀರಿ. ತಪ್ ಮಾಡೀರಲ್ಲ, ಅದಕ್ಕ ದಂಡ." ಅವರು ನಕ್ಕರು, ನಂತರ ನಗುವನ್ನು ನಿಲ್ಲಿಸಿದರು. "ಅವನ್ನ ತೋರ್ಸೋದ್ ಮಾತ್ರ ಬಿಡಬ್ಯಾಡ್ರಿ. ನಾನೂ ಬಿಡೂದಿಲ್ಲ."

ವಾಚನಾಲಯದ ಕಾರ್ಯದರ್ಶಿಗಳು ಮಂಗಳೂರು ಕಡೆಯ ಹಿರಿಯರು, ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ನಾನು ಬೇಡಿಕೆ ಚೀಟಿಯನ್ನು ಅವರ ಮುಂದಿಟ್ಟೆ. ಚೀಟಿಯ ಮೇಲಿನ ಹೆಸರು ಸುಳ್ಳು, ಅಕ್ಷರ ಅವನದೇ.

"ಎಂತ ಮಾರಾಯ್ರೆ ನೀವು," ಎಂದರು. "ಇದನ್ನು ಹರಿದು ಬಿಸಾಡಿ. ನಾವು ಪೇಪರ್ ಕಟ್ ಮಾಡಿ ಅಂಟಿಸುವವರು. ಯಾರೋ ಬಂದ, ಯಾರೋ ಓದಿದ. ನಮಗೆ ಗೊತ್ತುಂಟಾ?"

"ಅವನು ಓದಲಿಲ್ಲ ಸಾರ್. ನಾನು ಓದಿ ಹೇಳಿದೆ."

ಅವರು ಕನ್ನಡಕ ತೆಗೆದು ಒರೆಸಿದರು. "ಹಾಗಾದರೆ ನೀವೇ ಕೊಡಿ. ವಾಚನಾಲಯದ ಪರವಾಗಿ ಅಂತ ಬರೆಯಬೇಡಿ."

ಆ ಸಂಜೆಯೇ ಚೀಟಿಯನ್ನೂ ತೂತಾದ ಹಾಳೆಯನ್ನೂ ಪೊಲೀಸರಿಗೆ ಕೊಟ್ಟು, ನಾನು ಓದಿ ಹೇಳಿದ್ದು, ಬೆರಳಿಟ್ಟು ತೋರಿಸಿದ್ದು, ಮಾಡಿದ ಕ್ರಮದಲ್ಲೇ ಬರೆದುಕೊಟ್ಟೆ. ಕುತ್ತಿಗೆ ಸುಟ್ಟವನು ಮಲಾಡಿನ ಒಂದು ದವಾಖಾನೆಯಲ್ಲಿ ಸಿಕ್ಕಿದ. ಅವನಿಂದ ಇನ್ನೊಬ್ಬ, ಅವರಿಂದ ಬಿಳಿ ಬೂಟಿನವನು. ಚೀಟಿಯ ಅದೇ ಕೈಬರಹ ಎದುರಾಳಿ ಯೂನಿಯನ್ನಿನ ಹಾಜರಿ ಪುಸ್ತಕದಲ್ಲೂ ಇತ್ತು.

ಕೇಸು ವಿಚಾರಣೆಗೆ ಬರುವ ಮೊದಲು ಒಂದು ಬೆಳಿಗ್ಗೆ ನಾನು ನೋಡಿರದ ಇಬ್ಬರು ವಾಚನಾಲಯಕ್ಕೆ ಬಂದರು. ಒಬ್ಬ ಬಾಗಿಲು ಹಾಕಿದ. ಇನ್ನೊಬ್ಬ, ಆ ಬೇಡಿಕೆ ಚೀಟಿ ನಿನ್ನ ಎದುರು ಬರೆದದ್ದಲ್ಲ ಎಂದು ಕೋರ್ಟಿನಲ್ಲಿ ಹೇಳು ಎಂದ. 'ಪ್ರತ್ಯಕ್ಷದರ್ಶಿ' ಚೀಟಿ ಇದ್ದ 'ಪ' ಅಕ್ಷರದ ಡ್ರಾಯರಿಗೆ ಅವನು ಬೇಕೆಂದೇ ನನ್ನನ್ನು ಎಳೆದು ತಂದದ್ದಲ್ಲ. ಹತ್ತಿರವಿದ್ದ ಡ್ರಾಯರು ಅದು. ನನ್ನ ಎಡಗೈಯನ್ನು ಅದರೊಳಗಿಟ್ಟು ಮೊಣಕಾಲಿನಿಂದ ಒದ್ದು ಮುಚ್ಚಿದ. ತೆಗೆದ. ಕೇಳಿದ. ಮತ್ತೆ ಮುಚ್ಚಿದ. ಮೂರನೇ ಸಲಕ್ಕೆ ಉಗುರುಗಳು ಒಡೆದು ಚೀಟಿಗಳ ಅಂಚು ಕೆಂಪಾಯಿತು. ಹೇಳುತ್ತೇನೆ ಎಂದು ಒಪ್ಪಿಕೊಂಡೆ. ಅವರು ಹೋದರು. ನಾಲ್ಕು ತಿಂಗಳ ನಂತರ ಕೋರ್ಟಿನಲ್ಲಿ, ಚೀಟಿ ನನ್ನ ಎದುರಿಗೇ ಬರೆದದ್ದು ಎಂದು ಹೇಳಿದೆ. ಅದು ಧೈರ್ಯವಲ್ಲ. ನನಗಿಂತ ಮೊದಲು ಗೌಂಡಿಯವರು ಕಟಕಟೆ ಹತ್ತಿ, ಬೆರಳು ಹೋದ ಬಲಗೈಯನ್ನು ಎಡಗೈಯಲ್ಲಿ ಎತ್ತಿಕೊಂಡು, ಆ ಕೈಯಿಂದಲೇ ಗೇಟಿನ ಕೊಲೆಗಾರನ ಕಡೆ ತೋರಿಸಿದ್ದರು. ಅದನ್ನು ನೋಡಿದ ಮೇಲೆ ನನಗೆ ಬೇರೆ ಮಾತು ಇರಲಿಲ್ಲ. ಇರಿದವನಿಗೂ ಚಾಪರ್ ಹಿಡಿದ ಇಬ್ಬರಿಗೂ ಶಿಕ್ಷೆಯಾಯಿತು. ಬಿಳಿ ಬೂಟಿನವನು ಮೇಲಿನ ಕೋರ್ಟಿನಲ್ಲಿ ಬಿಡುಗಡೆಯಾದ. ಅವನು ಫೋಟೊ ಕೊರೆದದ್ದನ್ನು ನೋಡಿದವರಿರಲಿಲ್ಲ.

ಚೀಟಿಗಳನ್ನು ಸುಟ್ಟುಬಿಡಿ ಎಂದು ಹೆಂಡತಿ ಹೇಳಿದಳು. ಸುಡಲಿಲ್ಲ. ಗೋಡೆ ಕುಸಿದು ತಮ್ಮನನ್ನು ಕಳೆದುಕೊಂಡವರು ಅವುಗಳಿಂದಲೇ ಪರಿಹಾರದ ಅರ್ಜಿಗೆ ಆಧಾರ ಹುಡುಕಿಕೊಂಡಿದ್ದರು. ಬದಲಿಗೆ ಇಪ್ಪತ್ತನಾಲ್ಕು ಡ್ರಾಯರುಗಳನ್ನೂ ಒಂದೊಂದಾಗಿ ನೆಲಕ್ಕಿಳಿಸಿ ಕೂತೆ. ಎಡಗೈಯಲ್ಲಿ ಚೀಟಿ ಹಿಡಿಯಲು ಬಾರದ್ದರಿಂದ ಏಳು ವಾರ ಹಿಡಿಯಿತು. ಒಂದೊಂದು ಚೀಟಿಯನ್ನೂ ಎತ್ತಿ ಒಂದೇ ಪ್ರಶ್ನೆ ಕೇಳಿಕೊಂಡೆ: ಇದನ್ನು ಹಿಡಿದು ಕೆಟ್ಟವನು ಬಂದರೆ ಯಾರ ಮನೆ ತಲುಪುತ್ತಾನೆ? ನೋಡಿದವರು, ದೂರು ಕೊಟ್ಟವರು, ಮನೆ ಬಿಟ್ಟು ಓಡಿಬಂದ ಹೆಣ್ಣುಮಕ್ಕಳು, ಇವರ ಹೆಸರಿನ, ಜಾಗದ ಚೀಟಿಗಳನ್ನೆಲ್ಲ ತೆಗೆದೆ. ನಡೆದದ್ದಕ್ಕೆ ಚೀಟಿ ಉಳಿಯಿತು, ಕಂಡವರಿಗೆ ಇಲ್ಲ. ಕಂಡವರ ಸುಳಿವಿರುವ ತುಣುಕು ಬೇಕಾದವರು ಎರಡು ದಿನ ಬಿಟ್ಟು ಬರಬೇಕು ಎಂಬ ನಿಯಮ ಮಾಡಿದೆ. ಕೆಲವರು ಬೈದರು. ಮೊದಲು ಎರಡು ನಿಮಿಷಕ್ಕೆ ಕೊಡುತ್ತಿದ್ದಿರಲ್ಲ ಎಂದರು. ಹೌದು, ಕೊಡುತ್ತಿದ್ದೆ.

ತೀರ್ಪಿನ ಸುದ್ದಿ ನಮ್ಮ ವಾರಪತ್ರಿಕೆಯಲ್ಲೂ ಬಂತು. 'ವಿಲೆ ಪಾರ್ಲೆಯ ವಾಚನಾಲಯದ ನೌಕರ' ಎಂದು ನನ್ನ ಹೆಸರಿನ ಸಮೇತ. ಕತ್ತರಿಸಿ ಅಂಟಿಸಿ ನಂಬರು ಹಾಕಿದೆ. 'ಕಾಂದಿವಲಿ', 'ಗೇಟು', 'ಯೂನಿಯನ್', 'ತೀರ್ಪು'. ಐದನೇ ಚೀಟಿಯನ್ನು ಕೈಗೆತ್ತಿಕೊಂಡು, ಏನೂ ಬರೆಯದೆ ಮತ್ತೆ ಕಟ್ಟಿಗೆ ಸೇರಿಸಿದೆ.

ಆ ನಲ್ಲಿಯ ಗಲ್ಲಿ ಈಗ ಇಲ್ಲ. ಅಲ್ಲಿ ಬಿಲ್ಡಿಂಗುಗಳಿವೆ. ಬುಧವಾರ ಹನ್ನೆರಡು ಹತ್ತಕ್ಕೆ ಅಲ್ಲಿದ್ದು ನೋಡಿದವರಲ್ಲಿ ಕೊಡ ಬೀಸಿದ ಮುದುಕಿ ತೀರಿಕೊಂಡಳು. ದರ್ಜಿ ಬದುಕಿದ್ದಾರೆ. ಚಹಾ ಎರಚಿದ ಹೆಂಡತಿ ಬದುಕಿದ್ದಾರೆ. ಗೌಂಡಿಯವರು ಬದುಕಿದ್ದಾರೆ, ಎಡಗೈಯಲ್ಲಿ ಗಾಳಿ ಹಾಕುತ್ತಾರೆ, ನಾನು ಬಲಗೈಯಲ್ಲಿ ಪೇಟಿಯ ಮನೆಗಳನ್ನು ಒತ್ತುತ್ತೇನೆ, ಇನ್ನೂ ಸರಿಯಾಗಿ ಬರುವುದಿಲ್ಲ. ಬಿಳಿ ಬೂಟಿನವನೂ ನೋಡಿದವನೇ, ಅವನೂ ಎಲ್ಲೋ ಬದುಕಿದ್ದಾನೆ. ಅವನು ಎಲ್ಲಿದ್ದಾನೋ ನನಗೆ ಗೊತ್ತಿಲ್ಲ. ಉಳಿದ ಮೂವರು ಎಲ್ಲಿದ್ದಾರೆಂದು ಗೊತ್ತು. ಅದು ಯಾವ ಚೀಟಿಯಲ್ಲೂ ಇಲ್ಲ.